ಚಿರೆಕಲ್ಲು ಬಾವಿಯ ನೀರಲ್ಲಿ ಮಲಾವಿ ಸಿಕ್ಲಿಡ್

ಮರಿ ಮಾಡುವುದನ್ನು ಮೀನೇ ನೋಡಿಕೊಳ್ಳುತ್ತದೆ, ನಮ್ಮ ಪಾಲಿನ ಕೆಲಸ ನೀರಿನದು. ಸಿಕ್ಲಿಡ್ ಎಂಬ ಈ ಮೀನುಗಳ ತವರು ಆಫ್ರಿಕಾದ ಮಲಾವಿ ಸರೋವರ, ಅದರ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 8ರ ಆಸುಪಾಸು. ನಮ್ಮ ಕಡೆಯ ಚಿರೆಕಲ್ಲು ಬಾವಿಯದ್ದು ಲವಣ ಕಡಿಮೆಯ ಮೆದು ನೀರು, ಮಳೆಗಾಲದಲ್ಲಂತೂ ಇನ್ನಷ್ಟು ತೆಳು.

ನಾಲ್ಕಡಿ ಟ್ಯಾಂಕು, ಕಲ್ಲು-ಮರಳು ಕಳೆದು 200 ಲೀಟರ್ ನೀರು. ಒಳಗಿರುವುದು ಯೆಲ್ಲೋ ಲ್ಯಾಬ್ ಎಂಬ ಹಳದಿ ಸಿಕ್ಲಿಡ್, ಎರಡು ಗಂಡಿಗೆ ಆರು ಹೆಣ್ಣು. ಕಲ್ಲನ್ನು ಮೊದಲು ಗಾಜಿನ ತಳದ ಮೇಲೇ ಕೂರಿಸಿ ಆಮೇಲೆ ಮರಳು ಹಾಕುತ್ತೇನೆ. ಮರಳಿನ ಮೇಲಿಟ್ಟರೆ ಮೀನು ಅಡಿ ಕೆದಕಿ ಕಲ್ಲು ಉರುಳಿಸುತ್ತದೆ. ಚಿರೆಕಲ್ಲು ಬೇಡ, ಕೆಂಪು ಹುಡಿ ಬಿಡುತ್ತದೆ.

ಪಿಎಚ್ ಏರಿಸಲು ಫಿಲ್ಟರಿನಲ್ಲಿ ಒಂದು ಕಿಲೋ ಬಳಚಿನ ಚಿಪ್ಪು, ಕುದಿಸಿ ಜಜ್ಜಿದ್ದು. ಕರಾವಳಿಯಲ್ಲಿ ಅದಕ್ಕೇನು ಬರ! ಆದರೆ ಚಿಪ್ಪು ಕರಗುವುದು ನೀರು ಹುಳಿಯಿದ್ದಾಗ. ಪಿಎಚ್ ಏರಿದಂತೆ ಸುಮ್ಮನಾಗುತ್ತದೆ. ಹಾಗಾಗಿ ವಾರಕ್ಕೊಮ್ಮೆ ಬದಲಿಸುವ 50 ಲೀಟರಿಗೆ 10 ಗ್ರಾಂ ಅಡುಗೆ ಸೋಡಾ, 10 ಗ್ರಾಂ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಡ್ರಮ್ಮಿನಲ್ಲೇ ಕರಗಿಸಿ, ರಾತ್ರಿಯಿಡೀ ಗಾಳಿ ಕೊಟ್ಟು ಬೆಳಿಗ್ಗೆ ಹಾಕುತ್ತೇನೆ. ಸೋಡಾವನ್ನು ನೇರ ಟ್ಯಾಂಕಿಗೆ ಸುರಿಯಬಾರದು. ನೀರು ಬದಲಿಸದೆ ಬಿಟ್ಟ ಟ್ಯಾಂಕಿನಲ್ಲಿ ಮೀನಿನ ಹೊಲಸಿನಿಂದ ಸೇರುವ ಅಮೋನಿಯಾದಲ್ಲಿ ವಿಷದ ರೂಪದ್ದು ಪಿಎಚ್ 7ರಲ್ಲಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ, 8.3ಕ್ಕೆ ಏರಿದರೆ ಹತ್ತು ಪಾಲು. ಸೋಡಾ ಹಾಕಿದ ಮೇಲೆ ಮೀನು ಸತ್ತಿತು ಎನ್ನುವವರ ಮನೆಯಲ್ಲಿ ಬಹುತೇಕ ಆಗಿರುವುದು ಇದೇ.

ಮೇವು ಸ್ಪಿರುಲಿನಾ ಪಾಚಿಯ ಕಾಳು, ದಿನಕ್ಕೆರಡು ಚಿಟಿಕೆ. ಕೋಳಿ, ದನದಂಥ ಮಾಂಸ ಅತಿಯಾಗಿ ತಿನ್ನಿಸಿದರೆ ಹೊಟ್ಟೆಯುಬ್ಬರ ಬಂದು ಸಾಯಬಹುದು. ಕಾರವಾರದಲ್ಲಿ ಹೀಟರ್ ಬೇಕೆನಿಸುವುದಿಲ್ಲ, ಶಿರಸಿಯ ಡಿಸೆಂಬರ್ ರಾತ್ರಿಗೆ 200 ವ್ಯಾಟಿನದ್ದು ಬೇಕು.

ಈ ಮೀನು ಮೊಟ್ಟೆ-ಮರಿಗಳನ್ನು ಬಾಯಲ್ಲೇ ಹೊರುತ್ತದೆ. ಮೊಟ್ಟೆ ಹೊತ್ತ ಹೆಣ್ಣು ಮೇವಿಗೆ ಬರುವುದಿಲ್ಲ. ಗದ್ದದ ಕೆಳಗೆ ಚೀಲದಂತೆ ಇಳಿಬಿದ್ದಿರುತ್ತದೆ, ಎಲೆಯಡಿಕೆ ಹಾಕಿಕೊಂಡವರಂತೆ ಆಗಾಗ ಬಾಯಾಡಿಸುತ್ತದೆ. ಮೊಟ್ಟೆ ಹೊರಳಿಸುವ ಬಗೆ ಅದು. ಮೊಟ್ಟೆ ಹೊತ್ತ ಹದಿನೆಂಟನೆಯ ದಿನ ರಾತ್ರಿ ದೀಪ ಆರಿಸಿ, ಬಲೆಯಿಂದ ಎತ್ತದೆ, ನೀರೊಳಗೇ ಡಬ್ಬಿಗೆ ತೂರಿಸಿ ಎರಡಡಿ ಟ್ಯಾಂಕಿಗೆ ಬಿಡುತ್ತೇನೆ. ಹೆದರಿದರೆ ಉಗುಳಿಬಿಡುತ್ತದೆ. ಮೊಟ್ಟೆ ಹೊತ್ತಲ್ಲಿಂದ ಮೂರರಿಂದ ನಾಲ್ಕು ವಾರದೊಳಗೆ ಒಂದು ಸೆಂಟಿಮೀಟರಿನ ಮರಿಗಳು ಹೊರಬರುತ್ತವೆ, ಹತ್ತರಿಂದ ಇಪ್ಪತ್ತೈದು. ತಾಯಿಯನ್ನು ಕೂಡಲೇ ಗುಂಪಿಗೆ ಬಿಡಬೇಡಿ, ಸೊರಗಿದ್ದನ್ನು ಗಂಡು ಅಟ್ಟಿಸಿ ಕೊಲ್ಲುತ್ತದೆ. ಒಂದು ವಾರ ಬೇರೆಯೇ ಇಟ್ಟು ತಿನ್ನಿಸಿ.

ಜೊತೆಗೆ ರೆಡ್ ಜೀಬ್ರಾ ಎಂಬ ಇನ್ನೊಂದು ಮಲಾವಿ ಸಿಕ್ಲಿಡ್ ಸಾಕಿದ್ದರೆ ಮರಿಗಳನ್ನು ಯಾರಿಗೂ ಕೊಡಬೇಡಿ, ಎರಡೂ ಬೆರೆಯುತ್ತವೆ. ಬೆರಕೆ ಮರಿ ಚಿಕ್ಕದಿದ್ದಾಗ ಅಪ್ಪಟ ಹಳದಿಯಂತೆಯೇ ಕಾಣುತ್ತದೆ.