ಚಳಿಗಾಲದ ಮಾಲ್ಟಾ: ಗಾಳಿ ನೋಡಿ ದಿನ ಹಾಕಿಕೊಳ್ಳಿ

ಮೆಡಿಟರೇನಿಯನ್ ದ್ವೀಪ ಎಂದರೆ ಬಿಸಿಲು, ಈಜು, ಮರಳು ಎಂದುಕೊಂಡು ಜನವರಿಯಲ್ಲಿ ಮಾಲ್ಟಾಕ್ಕೆ ಇಳಿದರೆ ಎರಡೇ ದಿನಕ್ಕೆ ಬೇಸರ ಬರುತ್ತದೆ. ಆಗ ಸಮುದ್ರದ ನೀರು 15-16 ಡಿಗ್ರಿ ಇರುತ್ತದೆ, ಈಜುವ ಆಸೆ ಬಿಡಿ. ಚಳಿಗಾಲದ ಮಾಲ್ಟಾ ಇರುವುದು ಕಾಲ್ನಡಿಗೆಗೆ. ವರ್ಷದ ಮಳೆ ಹೆಚ್ಚುಕಡಿಮೆ ನಮ್ಮ ಬಳ್ಳಾರಿಯಷ್ಟೇ, ಸುಮಾರು 550 ಮಿ.ಮೀ. ಆದರೆ ಅದರ ಬಹುಪಾಲು ಬೀಳುವುದು ಅಕ್ಟೋಬರ್‌ನಿಂದ ಫೆಬ್ರುವರಿಯೊಳಗೆ. ಇಲ್ಲಿ ಹಿಂಗಾರಿ ಜೋಳ, ಕಡಲೆ ಕೊಯ್ಲಿಗೆ ಬರುವ ಹೊತ್ತಿಗೆ ಅಲ್ಲಿನ ಕಲ್ಲುಬದುವಿನ ಹೊಲಗಳು ಹಸಿರಾಗಿ, ಬದುಗಳ ತುಂಬ ಹಳದಿ ಪುಲ್ಲಂಪುರಚಿ ಹೂ ಬಿಟ್ಟಿರುತ್ತದೆ. ಜುಲೈನಲ್ಲಿ ಹೋದವರು ನೋಡುವುದು ಒಣಗಿದ ಬಂಡೆ ಮಾತ್ರ.

ಮೊದಲು ವೀಸಾ. ಮಾಲ್ಟಾ ಶೆಂಗೆನ್ ದೇಶ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಕೂಟಕ್ಕೆ ಸೇರಿದ್ದು. ಹೊರಡುವ ದಿನಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಹೊರಡುವುದಕ್ಕೆ ಹದಿನೈದು ದಿನ ಮುಂಚೆ ಎಂಬುದು ಅರ್ಜಿಯ ಕೊನೆಯ ಗಡುವು, ಅದನ್ನು ನಂಬಿ ಕೂರಬೇಡಿ. ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಬೇಕು. ವಾಪಸಾಗುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್, ಅದರಲ್ಲಿ ಎರಡು ಖಾಲಿ ಪುಟ ಇರಲಿ. ದುಬೈ ಅಥವಾ ಇಸ್ತಾಂಬುಲ್ ದಾರಿ ಅನುಕೂಲ. ರಾಯಚೂರಿನವರಿಗೆ ಹೈದರಾಬಾದ್ ವಿಮಾನ ನಿಲ್ದಾಣ ಹತ್ತಿರ. ಬಳ್ಳಾರಿ, ಕೊಪ್ಪಳದವರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವುದಾದರೆ ವಿಮಾನಕ್ಕೂ ರೈಲಿಗೂ ನಡುವೆ ಅರ್ಧ ದಿನವಾದರೂ ಬಿಡಿ.

ಚಳಿಯ ವಿಷಯದಲ್ಲಿ ನಮ್ಮ ಕಡೆಯವರು ಮೋಸ ಹೋಗುವುದು ಹೊರಗಲ್ಲ, ಮನೆಯೊಳಗೆ. ಜನವರಿಯಲ್ಲಿ ಅಲ್ಲಿ ಮಧ್ಯಾಹ್ನ 15-16 ಡಿಗ್ರಿ, ರಾತ್ರಿ 9-10. ಅಂದರೆ ಬಳ್ಳಾರಿಯ ಬೆಳಗಿನ ಜಾವದ ಚಳಿಯೇ ಅಲ್ಲಿ ನಡುಮಧ್ಯಾಹ್ನ ಇರುತ್ತದೆ. ಮನೆಗಳನ್ನು ಕಟ್ಟಿರುವುದು ಮೆತ್ತನೆಯ ಸುಣ್ಣದ ಕಲ್ಲಿನಿಂದ, ಬೇಸಿಗೆಯ ಸೆಕೆ ತಡೆಯುವ ಲೆಕ್ಕದಲ್ಲಿ. ಆ ಕಲ್ಲು ತೇವ ಹೀರಿ ಹಿಡಿದುಕೊಳ್ಳುತ್ತದೆ. ಹಳೆಯ ಮನೆಗಳಲ್ಲಿ ಕೋಣೆ ಬೆಚ್ಚಗಿಡುವ ವ್ಯವಸ್ಥೆ ಇರುವುದು ಅಪರೂಪ. ಹಾಸಿಗೆ ತಣ್ಣಗೆ, ಒಗೆದ ಬಟ್ಟೆ ಎರಡು ದಿನವಾದರೂ ಹಸಿ. ಆದ್ದರಿಂದ ಕೋಣೆ ಬುಕ್ ಮಾಡುವ ಮೊದಲು ಮೂರು ಪ್ರಶ್ನೆ ಬರೆದು ಕೇಳಿ: ಎಸಿ ಬಿಸಿಗಾಳಿಯನ್ನೂ ಕೊಡುತ್ತದೆಯೇ, ತೇವ ಹೀರುವ ಯಂತ್ರ ಇದೆಯೇ, ಕರೆಂಟಿನ ಬಿಲ್ ಬಾಡಿಗೆಯಲ್ಲಿ ಸೇರಿದೆಯೇ. ನೆಲಮಾಳಿಗೆಯ ಕೋಣೆ ಅಗ್ಗವಾದರೂ ಬೇಡ. ದಕ್ಷಿಣಕ್ಕೆ ಕಿಟಕಿ ಇರುವ ಮೇಲಿನ ಮಹಡಿ ಒಳ್ಳೆಯದು. ಒಂದು ದಪ್ಪ ಸ್ವೆಟರ್‌ಗಿಂತ ತೆಳುವಾದ ಮೂರು ಪದರ, ಮೇಲೆ ಗಾಳಿ ತಡೆಯುವ ಜಾಕೆಟ್ ಇರಲಿ. ಕೊಡೆ ಒಯ್ಯಬೇಡಿ, ಗಾಳಿಗೆ ಮೊದಲ ದಿನವೇ ಮುರಿಯುತ್ತದೆ. ಗೋಡೆಯ ಸಾಕೆಟ್ ಬ್ರಿಟಿಷ್ ಮಾದರಿಯದು, ಚಪ್ಪಟೆ ಪಿನ್ ಮೂರು. ನಮ್ಮ ದುಂಡು ಪಿನ್ನಿನ ಚಾರ್ಜರ್ ಕೂರುವುದಿಲ್ಲ, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ಈಗ ಮುಖ್ಯ ಮಾತು. ಮಾಲ್ಟಾದಲ್ಲಿ ಚಳಿಗಾಲದ ದಿನವನ್ನು ಮಳೆ ಕೆಡಿಸುವುದು ಕಡಿಮೆ, ಗಾಳಿ ಕೆಡಿಸುವುದೇ ಹೆಚ್ಚು. ಮಳೆ ಜೋರಾಗಿ ಬಂದು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ, ಗಾಳಿ ಎರಡು ಮೂರು ದಿನ ಬಿಡುವುದಿಲ್ಲ. ದಿನಾ ರಾತ್ರಿ ಮಲಗುವ ಮುನ್ನ ನಾಳಿನ ಗಾಳಿಯ ದಿಕ್ಕು ನೋಡಿ, ಅದರ ಎದುರು ದಿಕ್ಕಿನ ಕರಾವಳಿ ಆರಿಸಿಕೊಳ್ಳಿ. ಗೋಜೊ, ಕೊಮಿನೊ ದ್ವೀಪಗಳನ್ನು ಸೇರಿಸಿದರೂ ಇಡೀ ದೇಶ 316 ಚದರ ಕಿ.ಮೀ. ಆದ್ದರಿಂದ ಬೆಳಿಗ್ಗೆ ಯೋಜನೆ ಬದಲಿಸುವುದು ಕಷ್ಟವಲ್ಲ. ವಾಯುವ್ಯದ ಗಾಳಿ ಇದ್ದರೆ ಆಗ್ನೇಯದ ಮಾರ್ಸಶ್ಲೊಕ್ ಬಂದರಿಗೆ ಹೋಗಿ. ಭಾನುವಾರವಾದರೆ ಅಲ್ಲಿ ಮೀನಿನ ಸಂತೆಯೂ ಸಿಗುತ್ತದೆ. ಈಶಾನ್ಯದ ಗಾಳಿ ಇದ್ದರೆ ಪಶ್ಚಿಮದ ಡಿಂಗ್ಲಿ ಕಡಿಬಂಡೆಗಳ ಕಡೆ ತಿರುಗಿ. ಅಲ್ಲಿ ನೆಲ ಸುಮಾರು 250 ಮೀಟರ್ ಎತ್ತರದಿಂದ ಸಮುದ್ರದತ್ತ ಒಮ್ಮೆಲೇ ಕುಸಿಯುತ್ತದೆ. ಬ್ಲೂ ಗ್ರೊಟ್ಟೊ ಗುಹೆಗಳ ದೋಣಿ ಸಮುದ್ರ ಶಾಂತವಾಗಿದ್ದರೆ ಮಾತ್ರ ಹೊರಡುತ್ತದೆ. ಅದಕ್ಕಾಗಿ ಒಂದು ದಿನ ಮೀಸಲಿಡದೆ, ಗಾಳಿ ನಿಂತ ಬೆಳಿಗ್ಗೆ ಸಿಕ್ಕಕೂಡಲೇ ಹೋಗಿಬಿಡಿ.

ಗಾಳಿ ನಿಂತ ಮೇಲೂ ಅಲೆ ಒಂದು ದಿನ ಉಳಿದಿರುತ್ತದೆ. ಗೋಜೊದ ಪ್ರಸಿದ್ಧ ಕಲ್ಲಿನ ಕಮಾನು ಅಜುರ್ ವಿಂಡೊ 2017ರ ಮಾರ್ಚ್ 8ರಂದು ಬಿರುಗಾಳಿಗೆ ಸಿಕ್ಕಿಯೇ ಸಮುದ್ರಕ್ಕೆ ಬಿದ್ದಿತು. ಬಂಡೆ ಒದ್ದೆಯಾಗಿ ಕಂಡರೆ ಅಲ್ಲಿಯವರೆಗೆ ನೀರು ಬಂದುಹೋಗಿದೆ ಎಂದರ್ಥ, ಅದರ ಮೇಲೆ ನಿಂತು ಫೋಟೊ ಬೇಡ. ರಾಜಧಾನಿ ವಲೆಟ್ಟಾದ ಮೆಟ್ಟಿಲು ಬೀದಿಗಳ ಕಲ್ಲು ಸವೆದು ನುಣುಪಾಗಿದೆ, ಮಳೆಯಲ್ಲಿ ಚೆನ್ನಾಗಿ ಜಾರುತ್ತದೆ. ಹಿಡಿತವಿರುವ ರಬ್ಬರ್ ಅಡಿಯ ಬೂಟು ಬೇಕೇ ಬೇಕು. ಹೊಲದ ದಾರಿಯಲ್ಲಿ ಕಲ್ಲಿನ ಮೇಲೆ ‘ಆರ್‌ಟಿಒ’ ಎಂದು ಬಳಿದಿದ್ದರೆ ಅದು ಮಾಲೀಕರ ಖಾಸಗಿ ಜಾಗ, ಒಳಗೆ ಕಾಲಿಡಬೇಡಿ.

ಮಳೆಯ ದಿನಕ್ಕೆ ಹಜರ್ ಈಮ್ ಮತ್ತು ಮ್ನಾಯ್ದ್ರಾ ಗುಡಿಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಐದು ಸಾವಿರ ವರ್ಷಕ್ಕೂ ಹಿಂದಿನ ಈ ಕಲ್ಲುಗಳ ಮೇಲೆ 2009ರಲ್ಲಿ ದೊಡ್ಡ ಚಾವಣಿ ಹೊದಿಸಿದ್ದಾರೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿದವರಿಗೆ ಇವು ಇನ್ನೂ ಹೆಚ್ಚು ಹಿಡಿಸುತ್ತವೆ. ಹಿರೇಬೆಣಕಲ್‌ನಲ್ಲಿ ಚಪ್ಪಡಿ ನಿಲ್ಲಿಸಿ ಕಟ್ಟಿದ್ದು ಸತ್ತವರ ನೆನಪಿಗೆ, ಮಾಲ್ಟಾದ ಈ ಗುಡಿಗಳಲ್ಲಿ ಪೂಜೆಗೆ. ಇಲ್ಲಿನ ಕಲ್ಲುಗಳಲ್ಲಿ ಸಣ್ಣ ಸಣ್ಣ ಕುಳಿಗಳ ಸಾಲು ಕೊರೆದು ಮೈ ತುಂಬ ಅಲಂಕರಿಸಿರುವುದನ್ನು ಹತ್ತಿರದಿಂದ ನೋಡಿ. ಡಿಸೆಂಬರ್ 21ರ ಆಸುಪಾಸಿನಲ್ಲಿ ಸೂರ್ಯೋದಯದ ಬೆಳಕು ಮ್ನಾಯ್ದ್ರಾದ ಬಾಗಿಲಿನಿಂದ ಬಂದು ಒಳಗಿನ ಒಂದು ಕಲ್ಲಿನ ಅಂಚಿಗೆ ಸರಿಯಾಗಿ ಬೀಳುತ್ತದೆ. ನೆಲದಡಿಯಲ್ಲಿ ಬಂಡೆ ಕೊರೆದು ಮಾಡಿದ ಪ್ರಾಚೀನ ಸಮಾಧಿ ತಾಣ ಹೈಪೊಜಿಯಂಗೆ ದಿನಕ್ಕೆ 80 ಜನರಿಗಷ್ಟೇ ಪ್ರವೇಶ. ಉಸಿರಿನ ತೇವಕ್ಕೆ ಅದರೊಳಗಿನ ಕೆಂಪು ಚಿತ್ರಗಳು ಹಾಳಾಗುತ್ತವೆ ಎಂಬ ಕಾರಣಕ್ಕೆ ಈ ನಿಯಮ. ವಿಮಾನದ ಟಿಕೆಟ್ ಆದ ದಿನವೇ ಇದನ್ನೂ ಬುಕ್ ಮಾಡಿಬಿಡಿ.

ಓಡಾಟಕ್ಕೆ ಬಸ್ ಸಾಕು. ವಲೆಟ್ಟಾದ ಹೆಬ್ಬಾಗಿಲ ಎದುರಿನ ನಿಲ್ದಾಣದಿಂದ ಬಹುತೇಕ ಎಲ್ಲ ದಿಕ್ಕಿಗೂ ಬಸ್ಸಿದೆ, ಅದಕ್ಕೇ ಅಲ್ಲೇ ಸುತ್ತಮುತ್ತ ಉಳಿಯುವುದು ಮೇಲು. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಹಳ್ಳಿಯ ಕಡೆಯ ನಡಿಗೆಯನ್ನು ನಾಲ್ಕಕ್ಕೆ ಮುಗಿಸಿ. ಗೋಜೊಗೆ ಚಿರ್ಕೆವ್ವಾ ಬಂದರಿನಿಂದ ಹೊರಡುವ ದೊಡ್ಡ ಹಡಗು ಸುಮಾರು 25 ನಿಮಿಷದ ಪ್ರಯಾಣ, ಟಿಕೆಟ್ ವಾಪಸ್ ಬರುವಾಗಷ್ಟೇ. ವಲೆಟ್ಟಾದಿಂದ ಹೋಗುವ ವೇಗದ ದೋಣಿ ಗಾಳಿ ಎದ್ದರೆ ರದ್ದಾಗುತ್ತದೆ, ಮರುದಿನ ವಿಮಾನ ಇರುವವರು ಅದನ್ನು ನಂಬಬಾರದು.

ಸಸ್ಯಾಹಾರಿಗಳಿಗೆ ತೊಂದರೆ ಕೊಡುವುದು ಟ್ಯೂನಾ ಮೀನು. ಬ್ರೆಡ್ಡಿನ ಫ್ತೀರಾದಲ್ಲಿ ಅದು ಹೇಳದೆಯೇ ಇರುತ್ತದೆ, ಬೇಡ ಎಂದು ಮೊದಲೇ ತಿಳಿಸಿ. ಬೆಂದ ಬಟಾಣಿ ತುಂಬಿದ ಪಸ್ತಿತ್ಸಿ ಬಿಸಿ ಬಿಸಿ ಸಿಗುತ್ತದೆ, ಹಿಟ್ಟಿಗೆ ಹಂದಿ ಕೊಬ್ಬು ಹಾಕಿದ್ದಾರೆಯೇ ಎಂದು ಒಮ್ಮೆ ಕೇಳಿ. ಅವರೆಯಂಥ ಕಾಳನ್ನು ಬೆಳ್ಳುಳ್ಳಿ ಹಾಕಿ ಅರೆದ ಬಿಗಿಲ್ಲಾ ನಮ್ಮ ಕಟಕ ರೊಟ್ಟಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ ಒಯ್ಯಿರಿ. ತುಪ್ಪ, ಪೇಡ, ಖೋವಾ ಸಿಹಿ, ಹಸಿ ಕರಿಬೇವು ಬೇಡ: ಹಾಲಿನ ಪದಾರ್ಥಗಳನ್ನೂ ಹಸಿ ಸೊಪ್ಪನ್ನೂ ಯುರೋಪಿಯನ್ ಒಕ್ಕೂಟದ ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.