ಅಂಗಡಿ ಮೀನಿನ ಮೊಟ್ಟೆಯಲ್ಲಿ ನ್ಯಾನೊ ಬೆಳ್ಳಿಯ ಪರೀಕ್ಷೆ: ನನ್ನ ಅನುಭವ

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಜೀಬ್ರಾ ಮೀನಿನ ಮೊಟ್ಟೆಗಳಲ್ಲಿ ನ್ಯಾನೊ ಬೆಳ್ಳಿಯ (ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳ) ವಿಷಗುಣ ಅಳೆಯಬಹುದು. ಪ್ರತಿ ಬ್ಯಾಚಿನಲ್ಲೂ ಹೆಚ್ಚುಕಡಿಮೆ ಅದೇ ಅಂಕಿ ಬರುವ ಹಾಗೆ ಅಳೆಯಬಹುದು. ಧಾರವಾಡದ ನಮ್ಮ ಸಣ್ಣ ಲ್ಯಾಬಿನಲ್ಲಿ ಇದನ್ನು ಮಾಡ್ತೇನೆ ಅಂದಾಗ ನಂಬಿದವರು ಕಡಿಮೆ. "ಶುದ್ಧ ಸ್ಟ್ರೇನ್ ಇಲ್ಲದೆ ಯಾರೂ ಒಪ್ಪೂದಿಲ್ರೀ" ಅಂದರು ಒಬ್ಬ ಹಿರಿಯರು. ಶುದ್ಧ ಸ್ಟ್ರೇನ್ ಅಂದರೆ ಲ್ಯಾಬಿನಲ್ಲೇ ತಲೆಮಾರುಗಳಿಂದ ಬೆಳೆಸಿದ, ವಂಶ ಗೊತ್ತಿರುವ ಮೀನು. "ಇಲ್ಲಿ ಕುಂತು ಇದೆಲ್ಲಾ ಆಗೂದಿಲ್ಲ, ಬೆಂಗಳೂರಿಗೆ ಕಳಿಸಿಬಿಡ್ರಿ" ಅಂದರು ಇನ್ನೊಬ್ಬರು. ಕಳೆದ ವರ್ಷ ಹೊರಗಿನ ಒಂದು ಲ್ಯಾಬಿನವರು ನಮ್ಮ ಸ್ಯಾಂಪಲ್‌ಗಳನ್ನೇ ತೆಗೆದುಕೊಂಡು, ಅವರ ಎಬಿ ಎಂಬ ಅಂಥ ಸ್ಟ್ರೇನ್ ಮೀನಿನಲ್ಲಿ ಮಾಡಿ ನೋಡಿದರು. ಅರ್ಧದಷ್ಟು ಭ್ರೂಣಗಳು (ಮೊಟ್ಟೆಯೊಳಗಿನ ಮರಿಗಳು) ಸಾಯುವ ಸಾಂದ್ರತೆಗೆ ಎಲ್‌ಸಿ50 ಅನ್ನುತ್ತಾರೆ. ಅವರ ಎಲ್‌ಸಿ50ಗೂ ನಮ್ಮದಕ್ಕೂ ಇದ್ದ ವ್ಯತ್ಯಾಸ ಶೇಕಡಾ 15ರ ಆಸುಪಾಸು. ಭ್ರೂಣದ ಪರೀಕ್ಷೆಯಲ್ಲಿ ಅದು ವ್ಯತ್ಯಾಸವೇ ಅಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾಗಿದ್ದು ಒಂದು ಗಾಯದ ಜೆಲ್‌ನಿಂದ. ಸಣ್ಣ ತಯಾರಕರೊಬ್ಬರು ನ್ಯಾನೊ ಬೆಳ್ಳಿ ಹಾಕಿದ ಜೆಲ್ ತಂದುಕೊಟ್ಟು, ಮುಂದಿನ ದೊಡ್ಡ ಟೆಸ್ಟಿಂಗ್‌ಗೆ ದುಡ್ಡು ಹಾಕುವ ಮೊದಲು ಒಂದು ಅಂದಾಜು ಬೇಕು ಅಂದರು. ನಾವು ಎಲ್ಲರ ಹಾಗೆ ಎಂಟಿಟಿ ಮಾಡಿದೆವು, ಬದುಕಿರುವ ಜೀವಕೋಶ ಎಷ್ಟು ಅಂತ ಬಣ್ಣದಿಂದ ಅಳೆಯುವ ಪರೀಕ್ಷೆ ಅದು. ಡೋಸ್ ಜಾಸ್ತಿ ಮಾಡಿದಷ್ಟೂ ಜೀವಕೋಶಗಳು ಚೆನ್ನಾಗಿವೆ ಅಂತ ಬಣ್ಣ ಓದುವ ರೀಡರ್ ಹೇಳಿತು. ಶೇಕಡಾ 120, 130 ಅಂತ ಓದಿತು. ಜೀವಕೋಶವೇ ಇಲ್ಲದ ಬಾವಿಗಳಲ್ಲಿ (ಪ್ಲೇಟಿನ ಸಣ್ಣ ಗುಳಿಗಳಲ್ಲಿ) ಬರೀ ಕಣ ಮತ್ತು ಎಂಟಿಟಿ ಹಾಕಿದರೂ ಬಣ್ಣ ಬಂತು, ಅಂದರೆ ಆ ಬಣ್ಣ ಕಣದ್ದು, ಜೀವಕೋಶದ್ದಲ್ಲ. ಈ ಕಂಟ್ರೋಲ್ (ಹೋಲಿಕೆಯ ಬಾವಿ) ಹಾಕದೆ "ಸುರಕ್ಷಿತ" ಅಂತ ಬರೆದ ರಿಪೋರ್ಟುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅವುಗಳನ್ನು ನಂಬಿ ಯಾರೋ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಆ ಜೆಲ್ ಹಚ್ಚುತ್ತಾರೆ. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಜೀವಕೋಶದ ಕೆಲಸ ನಮಗೆ ದುಬಾರಿಯೂ ಆಗಿತ್ತು. ಜೀವಕೋಶ ಬೆಳೆಸಲು ಬೇಕಾದ ಸೀರಮ್ (ಎಫ್‌ಬಿಎಸ್) ಅರ್ಧ ಲೀಟರಿಗೆ ಮೂವತ್ತು ಸಾವಿರದ ಮೇಲೆ. ಅದರ ಮೇಲೆ ಸಿಒ2 ಸಿಲಿಂಡರ್, ಫಂಗಸ್, ರಜೆಯಲ್ಲಿ ಕೆಟ್ಟುಹೋಗುವ ಫ್ಲಾಸ್ಕುಗಳು. ಭ್ರೂಣಕ್ಕೆ ಬೇಕಾದ್ದು 24 ಬಾವಿಯ ಪ್ಲೇಟು, 26 ಡಿಗ್ರಿಯ ಇನ್‌ಕ್ಯುಬೇಟರ್, ಒಂದು ಸ್ಟೀರಿಯೊ ಮೈಕ್ರೋಸ್ಕೋಪು. ಮೂರೂ ನಮ್ಮಲ್ಲಿದ್ದವು. ಬಣ್ಣ ಓದುವ ಯಂತ್ರದ ಹಂಗಿಲ್ಲ. ಹೃದಯ ಬಡಿಯುತ್ತಿದೆಯೋ ಇಲ್ಲವೋ ಅನ್ನೋದನ್ನು ಕಣ್ಣಲ್ಲೇ ನೋಡಬಹುದು.

ಮೀನಿನ ವಿಷಯಕ್ಕೆ ಬರುತ್ತೇನೆ. ಮೀನು ಸಾಕುವ ರೆಡಿಮೇಡ್ ರ‍್ಯಾಕ್ ಸಿಸ್ಟಮ್‌ಗೆ ಕೊಟೇಶನ್ ಕೇಳಿದರೆ ಹತ್ತು ಲಕ್ಷದ ಮೇಲೆ ಬಂತು. ನಮ್ಮ ಕೈಲಿದ್ದದ್ದು ಕಾಲೇಜಿನ ಸೀಡ್ ಮನಿ, ಎರಡು ಲಕ್ಷಕ್ಕೂ ಕಡಿಮೆ. ಗ್ರಾಂಟಿಗೆ ಹಾಕಿದ ಅರ್ಜಿಗಳು "ಸೌಕರ್ಯ ಸಾಲದು" ಅಂತ ವಾಪಸ್ ಬಂದವು. ಗಾಜಿನ ಟ್ಯಾಂಕುಗಳನ್ನು ಹುಬ್ಬಳ್ಳಿಯಲ್ಲಿ ಅಂಟಿಸಿಕೊಂಡು ಬಂದೆವು. ಮೀನು ಬಂದದ್ದು ಚೆನ್ನೈನ ಕೊಳತ್ತೂರಿನಿಂದ, ಅಂಗಡಿಯವರ ಮೂಲಕ. ಅಲಂಕಾರದ ಮೀನಿನ ದೊಡ್ಡ ಮಾರುಕಟ್ಟೆ ಅದು ಅಂತ ನಿಮಗೆ ಗೊತ್ತೇ ಇದೆ. ಒಂದಕ್ಕೆ ಹನ್ನೆರಡೋ ಹದಿನೈದೋ ರೂಪಾಯಿ. ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಮೊದಲೇ ತೆಗೆದುಕೊಂಡಿದ್ದೆವು. ಅದಿಲ್ಲದೆ ಬೆಳೆದ ಮೀನು ಸಾಕುವ ಯೋಚನೆಯನ್ನೇ ಮಾಡಬೇಡಿ.

ಮೊದಲ ಬ್ಯಾಚಿನಲ್ಲಿ ಮುಕ್ಕಾಲು ಪಾಲು ಮೀನು ಬಿಳಿ ಚುಕ್ಕೆ ರೋಗಕ್ಕೆ ಹೋದವು. ಉಳಿದವು ಮೊಟ್ಟೆ ಇಟ್ಟರೂ ಅರ್ಧಕ್ಕರ್ಧ ಬೆಳ್ಳಗಾಗುತ್ತಿದ್ದವು. ಅಂಗಡಿಯಲ್ಲಿ ನೀರಿಗೆ ಏನೇನೋ ಔಷಧಿ ಹಾಕಿರುತ್ತಾರೆ. ಮೀನಿನ ಭ್ರೂಣದ ಪರೀಕ್ಷೆಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಒಇಸಿಡಿ 236ರ ಪ್ರಕಾರ ಮೊಟ್ಟೆ ಇಡುವ ಮುಂಚಿನ ಎರಡು ತಿಂಗಳು ಮೀನಿಗೆ ಔಷಧಿ ತಾಗಿರಬಾರದು. ಸುಮ್ನೆ ಬರೆದ ನಿಯಮ ಅಲ್ಲ ಅದು. ಎರಡರ ಬದಲು ಮೂರು ತಿಂಗಳು ಬೇರೆ ಟ್ಯಾಂಕಿನಲ್ಲಿ ಇಟ್ಟ ಮೇಲೆ ಮೊಟ್ಟೆಯ ಗುಣವೇ ಬದಲಾಯಿತು. ನಲ್ಲಿ ನೀರಿನಲ್ಲಿ ಕ್ಲೋರಿನ್, ಬೋರ್‌ವೆಲ್‌ನಲ್ಲಿ ಗಡಸು. ಕೊನೆಗೆ ಆರ್‌ಒ ನೀರಿಗೆ ಉಪ್ಪು ಬೆರೆಸಿಕೊಳ್ಳುವುದೇ ಗತಿಯಾಯಿತು. ಡಿಸೆಂಬರ್ ರಾತ್ರಿಗಳಲ್ಲಿ ಟ್ಯಾಂಕಿನ ನೀರು 20 ಡಿಗ್ರಿಗಿಂತ ಕೆಳಗೆ ಹೋಗುತ್ತಿತ್ತು, ಹೀಟರ್ ಬಂತು. ಕರೆಂಟ್ ಹೋಗಿ ಬಂದಾಗ ಲೈಟಿನ ಟೈಮರ್ ಗಡಿಯಾರ ಹಿಂದೆ ಬೀಳುತ್ತಿತ್ತು. 14 ಗಂಟೆ ಬೆಳಕು, 10 ಗಂಟೆ ಕತ್ತಲು ತಪ್ಪಿದರೆ ಮೀನು ಮೊಟ್ಟೆ ಇಡುವುದಿಲ್ಲ. ಬ್ಯಾಟರಿ ಇರುವ ಟೈಮರ್ ಬಂದ ಮೇಲೆ ಆ ಕಾಟ ನಿಂತಿತು, ಅದಕ್ಕೆ ಆರುನೂರು ರೂಪಾಯಿಯೂ ಆಗಲಿಲ್ಲ. ಇಟ್ಟ ಮೊಟ್ಟೆಯನ್ನು ಮೀನು ತಿನ್ನದಂತೆ ತಳಕ್ಕೆ ಗೋಲಿ ಹಾಕುವುದು, ಸಂಜೆ ಗಂಡು ಹೆಣ್ಣು ಬೇರೆ ಇಟ್ಟು ಬೆಳಿಗ್ಗೆ ತಡೆ ತೆಗೆಯುವುದು ಈ ಮೀನು ಸಾಕುವ ಎಲ್ಲರಿಗೂ ಗೊತ್ತಿರುವುದೇ. ಹಿಂದಿನ ಸಂಜೆ ನಾವು ಕೊಡುವ ಆಹಾರದ ಮಿಶ್ರಣ ಮಾತ್ರ ನಮ್ಮದೇ. ಅದನ್ನು ಇಲ್ಲಿ ಬರೆಯುವುದಿಲ್ಲ.

ಸ್ಟ್ರೇನಿನ ಪ್ರಶ್ನೆಗೆ ನನ್ನ ಉತ್ತರ ಒಂದೇ. ಟೆಸ್ಟು ನಿಲ್ಲುವುದು ಒಇಸಿಡಿ 236 ಕೇಳುವ ಅಂಕಿಗಳ ಮೇಲೆ. ಫಲಿತ ಮೊಟ್ಟೆ ಶೇಕಡಾ 70ಕ್ಕೆ ಕಡಿಮೆ ಇರಬಾರದು. ಏನೂ ಬೆರೆಸದ ಕಂಟ್ರೋಲ್‌ನಲ್ಲಿ 96 ಗಂಟೆಗೆ ಶೇಕಡಾ 90 ಬದುಕಿರಬೇಕು, ಶೇಕಡಾ 80 ಮರಿ ಹೊರಬಂದಿರಬೇಕು. ವಿಷ ಅಂತ ಗೊತ್ತಿರುವ ಡೈಕ್ಲೋರೊಅನಿಲಿನ್ ಲೀಟರಿಗೆ 4 ಮಿಲಿಗ್ರಾಂ ಹಾಕಿದರೆ ಕನಿಷ್ಠ ಶೇಕಡಾ 30 ಸಾಯಬೇಕು. ನಮ್ಮ ಅಂಗಡಿ ಮೀನು ಇದನ್ನೆಲ್ಲ ಎರಡು ವರ್ಷದಿಂದ ದಾಟುತ್ತಿದೆ. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಈ ಮೀನನ್ನು ಮೊದಲು ದಾಖಲಿಸಿದ್ದು ಗಂಗೆಯ ಕಡೆಯ ಮೀನುಗಳ ಜೊತೆ. ನಮ್ಮ ನೆಲದ ಮೀನಿಗೆ ಹೊರದೇಶದ ಸರ್ಟಿಫಿಕೇಟ್ ಯಾಕೆ ಬೇಕು ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಮೀನು ಸರಿಯಾದ ಮೇಲೂ ಬೆಳ್ಳಿ ಕೈಕೊಟ್ಟಿತು. ಡೋಸ್ ಏರಿಸಿದರೂ ಸಾವು ಏರದು, ಇದ್ದಕ್ಕಿದ್ದಂತೆ ಒಂದು ಬ್ಯಾಚಿನಲ್ಲಿ ಎಲ್ಲ ಸಾಯುತ್ತಿದ್ದವು. ಕಾರಣ ಇ3 ಮಾಧ್ಯಮ, ಭ್ರೂಣಗಳನ್ನು ಇಡುವ ಮಾಮೂಲಿ ಉಪ್ಪುನೀರು. ಅದರಲ್ಲಿ 5 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಇದೆ. ಬೆಳ್ಳಿ ಅಯಾನು (ಕಣದಿಂದ ಕರಗಿ ಬಂದ ಬೆಳ್ಳಿ) ಕ್ಲೋರೈಡ್ ಕಂಡ ಕೂಡಲೇ ಬೆಳ್ಳಿ ಕ್ಲೋರೈಡ್ ಆಗಿ ಕೂರುತ್ತದೆ. ಕಣಗಳೂ ಉಪ್ಪಿಗೆ ಗುಂಪುಗೂಡುತ್ತವೆ. ಬೆಳಕು ಎಷ್ಟು ಹೀರುತ್ತದೆ ಅಂತ ನೋಡುವ ಯುವಿ ಯಂತ್ರದಲ್ಲಿ, ಕಣ ಬಿಡಿಬಿಡಿಯಾಗಿದ್ದಾಗ 410 ನ್ಯಾನೊಮೀಟರಿನ ಹತ್ತಿರ ಇದ್ದ ಪೀಕ್ ಮರುದಿನಕ್ಕೆ ಮಲಗಿರುತ್ತದೆ, ಹಳದಿ ನೀರು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಅಂದರೆ ಭ್ರೂಣದ ಮುಂದೆ ನ್ಯಾನೊ ಇಲ್ಲವೇ ಇಲ್ಲ, ತಳದಲ್ಲಿ ಕೆಸರಿದೆ.

ಕ್ಲೋರೈಡ್ ಪೂರ್ತಿ ಕೈಬಿಟ್ಟೆವು. ಕ್ಯಾಲ್ಸಿಯಂ ನೈಟ್ರೇಟ್, ಮೆಗ್ನೀಸಿಯಂ ಸಲ್ಫೇಟ್, ಸ್ವಲ್ಪ ಬೈಕಾರ್ಬೊನೇಟ್. ಪ್ರಮಾಣ ಹೇಳುವುದಿಲ್ಲ, ಆದರೆ ನೀವು ಅಂದುಕೊಂಡಿದ್ದಕ್ಕಿಂತ ತುಂಬಾ ತೆಳುವಾಗಿದ್ದರೂ ಭ್ರೂಣ ನಾಲ್ಕು ದಿನ ಆರಾಮಾಗಿ ಬದುಕುತ್ತದೆ. ಪೀಕ್ 24 ಗಂಟೆ ನಿಂತಿತು. ಪ್ರತಿದಿನ ಹೊಸ ದ್ರಾವಣ ಹಾಕಿದೆವು. ಇನ್ನೊಂದು ವಿಷಯ, ಬೆಳ್ಳಿ ಪ್ಲಾಸ್ಟಿಕ್ಕಿಗೂ ಅಂಟುತ್ತದೆ. ಪ್ಲೇಟನ್ನು ಹಿಂದಿನ ದಿನವೇ ಅದೇ ದ್ರಾವಣದಲ್ಲಿ ನೆನೆಸಿಡದಿದ್ದರೆ ಕಡಿಮೆ ಡೋಸುಗಳ ಅಂಕಿ ಸುಳ್ಳು.

ಈಗ ಮುಖ್ಯ ವಿಷಯ. ನಾವು ಪ್ರತಿ ಸ್ಯಾಂಪಲ್‌ಗೂ ಮೂರು ಸಾಲು ಹಾಕುತ್ತೇವೆ. ಒಂದು ಸಾಲು ಕಣ ಇದ್ದ ಹಾಗೆ. ಎರಡನೆಯದು ಅದೇ ದ್ರಾವಣವನ್ನು 3 ಕಿಲೋಡಾಲ್ಟನ್ ಫಿಲ್ಟರಿನಲ್ಲಿ ಸೆಂಟ್ರಿಫ್ಯೂಜ್ ಮಾಡಿ ಕೆಳಗೆ ಇಳಿದ ನೀರು. ಅದರಲ್ಲಿ ಕಣ ಇಲ್ಲ, ಕರಗಿದ ಬೆಳ್ಳಿ ಮಾತ್ರ. ಮೂರನೆಯದು ಕಣದ ಜೊತೆ ಸಿಸ್ಟೀನ್ ಎಂಬ ಅಮೈನೊ ಆಮ್ಲ. ಸಿಸ್ಟೀನ್ ಬೆಳ್ಳಿ ಅಯಾನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೂರನೇ ಸಾಲಿನಲ್ಲಿ ಭ್ರೂಣ ಬದುಕಿದರೆ ಕೊಲ್ಲುತ್ತಿದ್ದದ್ದು ಅಯಾನು. ಆದರೆ ಸಿಸ್ಟೀನ್ ಕಣದ ಮೈಗೂ ಅಂಟುತ್ತದೆ, ಹಾಗಾಗಿ ಅದೊಂದರಿಂದಲೇ ತೀರ್ಮಾನ ಹೇಳುವವರನ್ನು ನಾನು ಒಪ್ಪುವುದಿಲ್ಲ. ಎರಡನೇ ಸಾಲೂ ಅದೇ ಮಾತು ಹೇಳಬೇಕು.

ದುಡ್ಡು ಹೋದದ್ದು ಆ ಎರಡನೇ ಸಾಲಿಗೆ. ಫಿಲ್ಟರ್ ಒಂದಕ್ಕೆ ಐನೂರರ ಮೇಲೆ ಬೀಳುತ್ತಿತ್ತು. ತೊಳೆದು ಮತ್ತೆ ಬಳಸಿ ನೋಡಿದೆವು, ಹಿಂದಿನ ಬೆಳ್ಳಿ ಮುಂದಿನ ಸ್ಯಾಂಪಲ್ಲಿಗೆ ಬಂತು. ಹೊಸ ಫಿಲ್ಟರಿನ ಪೊರೆಯೇ ಬೆಳ್ಳಿ ಕುಡಿಯುತ್ತದೆ, ಇಳಿದ ನೀರಿನಲ್ಲಿ ಬೆಳ್ಳಿ ಇಲ್ಲ ಅನ್ನಿಸುತ್ತದೆ. ಮೊದಲು ಇಳಿದದ್ದನ್ನು ಚೆಲ್ಲಿ ನಂತರದ್ದನ್ನು ಹಿಡಿಯಬೇಕು. ಎಷ್ಟು ಚೆಲ್ಲಬೇಕು ಅನ್ನೋದು ನಿಮ್ಮ ಸಾಂದ್ರತೆಯ ಮೇಲೆ ಹೋಗುತ್ತದೆ, ನೀವೇ ಕಂಡುಕೊಳ್ಳಿ. ಬೆಳ್ಳಿಯ ಪ್ರಮಾಣ ಅಳೆಯುವ ಐಸಿಪಿ-ಎಂಎಸ್‌ಗೆ ಹೊರಗೆ ಕಳಿಸಿದ್ದು ಆಯ್ದ ಸ್ಯಾಂಪಲ್ ಮಾತ್ರ, ಒಂದಕ್ಕೆ ಸಾವಿರದ ಆಸುಪಾಸು. ಕಣದ ಫೋಟೋ, ಗಾತ್ರ ಅಳೆಯುವ ಡಿಎಲ್‌ಎಸ್ ಇತ್ಯಾದಿ ಕರ್ನಾಟಕ ವಿಶ್ವವಿದ್ಯಾಲಯದ ಯುಎಸ್‌ಐಸಿಯಂಥ ಉಪಕರಣ ಕೇಂದ್ರಗಳಲ್ಲಿ ಆಗುತ್ತವೆ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಲ್ಲ ಸೇರಿ ಎರಡು ವರ್ಷಕ್ಕೆ ಎರಡೂವರೆ ಲಕ್ಷದ ಒಳಗೆ ಮುಗಿಯಿತು. ಸೀಡ್ ಮನಿ ಮೀರಿದ್ದು ನನ್ನ ಜೇಬಿನದು.

ಬಂದ ಫಲ ನೋಡಿ. ನಮ್ಮ ನೀರಿನಲ್ಲಿ ಪೂರ್ತಿ ಕರಗುವ ಬೆಳ್ಳಿ ನೈಟ್ರೇಟಿನ ಎಲ್‌ಸಿ50, ಬೆಳ್ಳಿಯ ಲೆಕ್ಕದಲ್ಲಿ, ಲೀಟರಿಗೆ 30-35 ಮೈಕ್ರೋಗ್ರಾಂ. ಆಗಷ್ಟೇ ಮಾಡಿದ, ಸಿಟ್ರೇಟ್ ಲೇಪದ ಬೆಳ್ಳಿ ಕಣಕ್ಕೆ ಅದರ ಹತ್ತು ಪಟ್ಟು ಬೇಕಾಯಿತು. ಅದೇ ಕಣವನ್ನು ಕಿಟಕಿ ಪಕ್ಕದ ಶೆಲ್ಫಿನಲ್ಲಿ ಎರಡು ತಿಂಗಳು ಇಟ್ಟು ಮಾಡಿದರೆ ಮೂರನೇ ಒಂದು ಭಾಗ ಸಾಕಾಯಿತು. ಫಿಲ್ಟರ್ ನೀರು ಮತ್ತು ಸಿಸ್ಟೀನ್ ಎರಡೂ ಒಂದೇ ಮಾತು ಹೇಳಿದವು. ಹಳೆಯದಾದಂತೆ ಬೆಳ್ಳಿ ಕರಗಿ ಹೊರಬರುತ್ತಿದೆ. ಟಿಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಫೋಟೋದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಲಕ್ಷಾಂತರ ರೂಪಾಯಿಯ ಉಪಕರಣ ತೋರಿಸದ ವ್ಯತ್ಯಾಸವನ್ನು ಹದಿನೈದು ರೂಪಾಯಿಯ ಮೀನಿನ ಮೊಟ್ಟೆ ತೋರಿಸಿತು. ಜೆಲ್ ತಯಾರಕರು ಬಾಟಲಿ ಬದಲಿಸಿದರು, ಎಕ್ಸ್‌ಪೈರಿ ಅವಧಿಯನ್ನೂ ಕಡಿಮೆ ಮಾಡಿದರು. ನನ್ನ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಅದೇ.

ಇದು ಮನುಷ್ಯರಿಗೆ ಸುರಕ್ಷಿತ ಅನ್ನುವ ಪ್ರಮಾಣಪತ್ರ ಅಲ್ಲ. ಐಎಸ್‌ಒ 10993 ಸರಣಿಯ (ವೈದ್ಯಕೀಯ ಸಾಧನಗಳ ಜೈವಿಕ ಸುರಕ್ಷತೆಯ) ಪರೀಕ್ಷೆಗಳನ್ನು ಮಾಡಿಸಲೇಬೇಕು. ಅದರಲ್ಲಿ ನ್ಯಾನೊ ವಸ್ತುವಿಗೆಂದೇ 22ನೇ ಭಾಗ 2017ರಿಂದ ಇದೆ. ಔಷಧಿಯ ಕಡೆ ಹೋಗುವವರು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ತಂದ ನ್ಯಾನೊ ಔಷಧಿಗಳ ಮಾರ್ಗಸೂಚಿ ಓದಿ. ನಮ್ಮದು ಅದಕ್ಕೂ ಮುಂಚಿನ ಜರಡಿ.

ಈ ಮೂರು ಸಾಲು ಕೈಗೆ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ. ನಮ್ಮ ಕಡೆ ಎಲೆ ರಸದಲ್ಲಿ ಬೆಳ್ಳಿ ಕಣ ಮಾಡುವವರು ಬಹಳ. ತುಳಸಿ, ಬೇವು, ಲಂಟಾನ, ಯಾವುದನ್ನೂ ಬಿಟ್ಟಿಲ್ಲ. "ಹಸಿರು ವಿಧಾನ, ಹಾಗಾಗಿ ಸುರಕ್ಷಿತ" ಅಂತ ಅವರ ಬರಹದ ಕೊನೆಯ ವಾಕ್ಯ ಇದ್ದೇ ಇರುತ್ತದೆ. ಬೇವಿನದನ್ನು ಮಾಡಿ, ಜೊತೆಗೆ ಬೆಳ್ಳಿ ಹಾಕದ ಬರೀ ಬೇವಿನ ರಸವನ್ನೂ ಅದೇ ಪ್ರಮಾಣಕ್ಕೆ ತೆಳು ಮಾಡಿ ಹಾಕಿದೆವು. ಬರೀ ರಸದಲ್ಲೇ ಅರ್ಧ ಭ್ರೂಣ ಸತ್ತವು. ಬೆಳ್ಳಿ ಹಾಕಿದ್ದರಲ್ಲಿ ಕಣವಾಗದೆ ಉಳಿದ ಬೆಳ್ಳಿ ನೈಟ್ರೇಟ್ ಫಿಲ್ಟರ್ ನೀರಿನಲ್ಲಿ ತುಂಬಿತ್ತು. ತೊಳೆಯದ ಕಣದ ಮೇಲೆ ಯಾವ ತೀರ್ಮಾನವನ್ನೂ ಬರೆಯಬಾರದು, ಅದು ಕೊಲ್ಲುತ್ತದೆ ಅಂತಲೂ, ಕೊಲ್ಲುವುದಿಲ್ಲ ಅಂತಲೂ.

ಜಿಂಕ್ ಆಕ್ಸೈಡ್ ಬೇರೆಯೇ ಆಟ ತೋರಿಸಿತು. ಸಾವು ಇಲ್ಲ, ಆದರೆ 96 ಗಂಟೆಯಾದರೂ ಮರಿಗಳು ಒಳಗೇ ಸುತ್ತುತ್ತಿವೆ. ಹೃದಯ ಚೆನ್ನಾಗಿ ಬಡಿಯುತ್ತಿದೆ. ಕರಗಿದ ಸತು, ಮೊಟ್ಟೆಯ ಪೊರೆ ಕರಗಿಸುವ ಕಿಣ್ವವನ್ನು ತಡೆಯುತ್ತದೆ. ಸತುವನ್ನು ಹಿಡಿದುಕೊಳ್ಳುವ ಇಡಿಟಿಎ ಸ್ವಲ್ಪ ಹಾಕಿದ ಬಾವಿಗಳಲ್ಲಿ ಮರಿಗಳು ಹೊರಬಂದವು. ಬರೀ ಸಾವು ಎಣಿಸುವವರಿಗೆ ಇದು ಕಾಣುವುದೇ ಇಲ್ಲ. ಮೊಟ್ಟೆ ಚಿಪ್ಪಿನಿಂದ ಮಾಡಿದ ಹೈಡ್ರಾಕ್ಸಿಅಪಟೈಟ್ ಕೂಡ ನೋಡಿದೆವು, ಮೂಳೆ ತುಂಬಲು ಬಳಸುವಂಥದ್ದು. ಅದು ಪೊರೆಯ ಮೇಲೆ ಧೂಳಿನಂತೆ ಕೂತಿತು. ಪೊರೆಯ ರಂಧ್ರ ಅರ್ಧ ಮೈಕ್ರಾನಿನಷ್ಟು, ಗುಂಪುಗೂಡಿದ ಕಣ ಒಳಗೆ ಹೋಗದು. ಪ್ರೊನೇಸ್ ಎಂಬ ಕಿಣ್ವ ಹಾಕಿ ಪೊರೆ ತೆಗೆದು ಮಾಡಬೇಕು. ಅದು ಇನ್ನೂ ನಡೆಯುತ್ತಿದೆ.

ಈಗ ಬೇರೆ ಕಡೆಯಿಂದಲೂ ಜೆಲ್, ಡ್ರೆಸಿಂಗ್ ಬರುತ್ತಿವೆ. ಕಳಿಸುವವರಿಗೆ ಒಂದು ಮಾತು. ತಯಾರಾದ ದಿನಾಂಕ, ಎಲ್ಲಿ ಇಟ್ಟಿದ್ದಿರಿ, ಬೆಳಕು ಬಿದ್ದಿತ್ತೇ ಅನ್ನೋದನ್ನು ಬರೆದು ಕಳಿಸಿ. ಜೊತೆಗೆ ಬೆಳ್ಳಿ ಹಾಕದ ಖಾಲಿ ಜೆಲ್ ಬೇಕೇ ಬೇಕು. ಜೆಲ್ ಕೆಡದಿರಲು ಹಾಕುವ ಪ್ಯಾರಾಬೆನ್, ಫಿನಾಕ್ಸಿಎಥನಾಲ್ ಭ್ರೂಣಕ್ಕೆ ಒಗ್ಗುವುದಿಲ್ಲ. ಒಂದು ಸ್ಯಾಂಪಲ್‌ನಲ್ಲಿ ಬೆಳ್ಳಿಯ ತಲೆಗೆ ಕಟ್ಟಿದ್ದ ಸಾವೆಲ್ಲ ಆ ಪ್ರಿಸರ್ವೇಟಿವ್‌ನದೇ ಆಗಿತ್ತು. ಖಾಲಿ ಜೆಲ್ ಇಲ್ಲದೆ ಬಂದ ಪೆಟ್ಟಿಗೆಯನ್ನು ನಾವು ವಾಪಸ್ ಕಳಿಸುತ್ತೇವೆ.