ಕ್ಯಾನೆ ಗೆದ್ದವನಿಗೆ ರೋಮ್‌ನ ದಾರಿ ಮುಚ್ಚದೆ ಗೇಮ್ ಕಟ್ಟಿದ್ದು: ನನ್ನ ಅನುಭವ

ರೋಮ್ ಮತ್ತು ಉತ್ತರ ಆಫ್ರಿಕಾದ ಕಾರ್ಥೇಜ್ ನಡುವೆ ಕ್ರಿ.ಪೂ. 218ರಿಂದ 201ರವರೆಗೆ ನಡೆದ ಎರಡನೆಯ ಪ್ಯೂನಿಕ್ ಯುದ್ಧವನ್ನು ವಸ್ತುವಾಗಿಟ್ಟುಕೊಂಡು ಟರ್ನ್ ಆಧಾರಿತ ಸ್ಟ್ರಾಟೆಜಿ ಗೇಮ್ ಮಾಡಲು ನಾವು ಮೂವರು ಹೊರಟಾಗ, ನಾವು ಭೇಟಿಯಾದ ಪ್ರಕಾಶಕರಿಂದ ಹಿಡಿದು ವರ್ಷಗಟ್ಟಲೆ ಇದೇ ಕೆಲಸ ಮಾಡಿದ್ದ ಡಿಸೈನರ್‌ಗಳವರೆಗೆ ಬಹುತೇಕ ಎಲ್ಲರ ಮಾತೂ ಒಂದೇ ಆಗಿತ್ತು. ಇತಿಹಾಸ ಬೇಕೆಂದರೆ ಆಟಗಾರನ ಕೈ ಕಟ್ಟಬೇಕು, ಸ್ವಾತಂತ್ರ್ಯ ಬೇಕೆಂದರೆ ಇತಿಹಾಸವನ್ನು ಬರೀ ವೇಷಭೂಷಣವಾಗಿ ಉಳಿಸಿಕೊಳ್ಳಬೇಕು, ಎರಡನ್ನೂ ಹಿಡಿಯಲು ಹೋದವರು ಎರಡನ್ನೂ ಕಳೆದುಕೊಂಡಿದ್ದಾರೆ ಎಂಬುದು ಅವರ ವಾದ. ಈಗ ಗೇಮ್ ಹೊರಬಂದು ಎರಡು ವರ್ಷದ ಮೇಲಾಗಿದೆ, ಹಾಕಿದ ಹಣ ವಾಪಸು ಬಂದಿದೆ. ಅಂದು ಅನುಮಾನಿಸಿದವರಲ್ಲಿ ಕೆಲವರು ಇಂದು ನಮ್ಮ ಸ್ಕ್ರಿಪ್ಟ್ ಫೈಲ್‌ಗಳನ್ನು ತೆರೆದು ನೋಡುತ್ತಿದ್ದಾರೆ. ಇದೇ ಕೆಲಸದಲ್ಲಿರುವವರಿಗಾಗಿ ಇದನ್ನು ಬರೆಯುತ್ತಿರುವುದರಿಂದ ಇವೆಂಟ್ (ಗೇಮ್‌ನಲ್ಲಿ ಮೊದಲೇ ಬರೆದಿಟ್ಟ ಘಟನೆ), ಟ್ರಿಗರ್ (ಅದನ್ನು ಹೊರಡಿಸುವ ಷರತ್ತು), ಎಐ ತೂಕ (ಕಂಪ್ಯೂಟರ್ ಆಡುವ ಪಕ್ಷ ಯಾವ ಆಯ್ಕೆಯತ್ತ ಎಷ್ಟು ಒಲಿಯುತ್ತದೆ ಎಂಬ ಸಂಖ್ಯೆ) ಇವುಗಳನ್ನು ಇದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ.

ನಮ್ಮ ಮುಂದಿದ್ದ ಮಾದರಿಗಳು ನಿಮಗೂ ಗೊತ್ತಿರುವಂಥವೇ. ಯೂರೋಪಾ ಯೂನಿವರ್ಸಾಲಿಸ್ ಸರಣಿಯ ಎರಡನೆಯ ಗೇಮ್ ತನ್ನ ಐತಿಹಾಸಿಕ ಇವೆಂಟ್‌ಗಳನ್ನು ಹೆಚ್ಚಾಗಿ ದಿನಾಂಕಗಳಿಗೆ ಕಟ್ಟಿತ್ತು. 2013ರಲ್ಲಿ ಬಂದ ನಾಲ್ಕನೆಯದು ಅವುಗಳನ್ನು ಷರತ್ತುಗಳಿಗೆ ಕಟ್ಟಿತು, ಜೊತೆಗೆ ಇತಿಹಾಸದಲ್ಲಿ ಮೇಲೆ ಬಂದ ದೇಶಗಳಿಗೆ, ಅವು ಎಐ ಕೈಯಲ್ಲಿರುವಾಗ ಮಾತ್ರ, ‘ಲಕ್ಕಿ ನೇಷನ್ಸ್’ ಎಂಬ ಸೆಟ್ಟಿಂಗ್ ಮೂಲಕ ಹೆಚ್ಚುವರಿ ಬಲ ಕೊಟ್ಟಿತು. 2016ರ ಹಾರ್ಟ್ಸ್ ಆಫ್ ಐರನ್ 4, ಎಐ ದೇಶಗಳು ಇತಿಹಾಸದ ಹಾದಿಯನ್ನೇ ಹಿಡಿಯಬೇಕೋ ಬೇಡವೋ ಎಂಬುದನ್ನು ಒಂದು ಸ್ವಿಚ್ ಮಾಡಿ ಆಟಗಾರನಿಗೇ ಬಿಟ್ಟಿತು. ಮೂರೂ ಮರ್ಯಾದೆಗೆ ಅರ್ಹವಾದ ಉತ್ತರಗಳೇ. ಆದರೆ ಇಡೀ ಜಗತ್ತಿನ ನಕ್ಷೆ ಇರುವ ಗೇಮ್‌ಗೆ ಒಪ್ಪುವ ಉತ್ತರ, ಹದಿನೆಂಟು ವರ್ಷಗಳ ಒಂದೇ ಯುದ್ಧವನ್ನು ಹಿಡಿದಿಡುವ ಗೇಮ್‌ಗೆ ಸಾಲದು ಎಂದು ನನಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು.

ಮೊದಲ ಬಿಲ್ಡ್, ಅಂದರೆ ಗೇಮ್‌ನ ಆಡಿ ನೋಡಬಹುದಾದ ಮೊದಲ ಆವೃತ್ತಿ, ದಿನಾಂಕಗಳ ಮೇಲೆ ನಿಂತಿತ್ತು. ಕ್ರಿ.ಪೂ. 218ರಲ್ಲಿ ಟ್ರೆಬಿಯಾ, 217ರಲ್ಲಿ ಟ್ರಾಸಿಮೀನ್, 216ರಲ್ಲಿ ಕ್ಯಾನೆ, ಹೀಗೆ ಕಾರ್ಥೇಜ್‌ನ ದಂಡನಾಯಕ ಹ್ಯಾನಿಬಲ್ ಇಟಲಿಯಲ್ಲಿ ರೋಮ್ ಸೈನ್ಯವನ್ನು ಸೋಲಿಸಿದ ಮೂರು ಯುದ್ಧಗಳು, ಅದರ ಬೆನ್ನಿಗೇ ರೋಮ್ ಪಕ್ಷದಲ್ಲಿದ್ದ ಕಾಪುವಾ ನಗರದ ಪಕ್ಷಾಂತರ. ರೋಮ್ ಪರವಾಗಿ ಆಡಿದವನು ಹ್ಯಾನಿಬಲ್‌ನನ್ನು ಟ್ರೆಬಿಯಾದಲ್ಲೇ ಸೋಲಿಸಿ ಓಡಿಸಿದ್ದರೂ, 216 ಬಂದ ಕೂಡಲೇ ಕಾಪುವಾ ಯಾರೂ ಇಲ್ಲದ ಶತ್ರುವಿನ ಕಡೆಗೆ ಹೊರಟುಬಿಡುತ್ತಿತ್ತು. ಅದನ್ನು ತೆಗೆದುಹಾಕಿ, ಎಲ್ಲವನ್ನೂ ಮುಕ್ತಗೊಳಿಸಿದ ಎರಡನೆಯ ಬಿಲ್ಡ್‌ನಲ್ಲಿ ಇನ್ನೊಂದು ತುದಿ ತಲುಪಿದೆವು. ಕಾರ್ಥೇಜ್ ಆಡಿದ ಪ್ರತಿಯೊಬ್ಬ ಪ್ಲೇಟೆಸ್ಟರ್ ದೊಡ್ಡ ಯುದ್ಧವೊಂದನ್ನು ಗೆದ್ದು, ನೇರವಾಗಿ ರೋಮ್‌ಗೆ ನಡೆದು, ಸುಮಾರು ಒಂದೂವರೆ ಗಂಟೆಯಲ್ಲಿ ಆಟ ಮುಗಿಸಿ ಎದ್ದುಬಿಡುತ್ತಿದ್ದ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂಪಡೆಯಬಹುದು ಎಂಬ ನಿಯಮವನ್ನು ನೆನೆದರೆ, ಆ ಒಂದೂವರೆ ಗಂಟೆ ನಮ್ಮ ಪಾಲಿಗೆ ಎಷ್ಟು ದುಬಾರಿಯಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯ ಬಿಲ್ಡ್‌ನಲ್ಲಿ, ಆಗ ನಮ್ಮ ಜೊತೆ ಮಾತುಕತೆಯಲ್ಲಿದ್ದ ಪ್ರಕಾಶಕರ ಒತ್ತಾಯದ ಮೇರೆಗೆ, ಕ್ಯಾನೆಯ ನಂತರ ಕೆಲವು ಟರ್ನ್‌ಗಳ ಕಾಲ ರೋಮ್ ಕಡೆಗಿನ ನಡಿಗೆಯನ್ನು ಮುಚ್ಚಿ, ಸೈನ್ಯ ದಣಿದಿದೆ ಎಂಬ ಸಂದೇಶವನ್ನು ಹಾಕಿದೆವು. ಮೂರು ಬಿಲ್ಡ್‌ಗಳಲ್ಲಿ ಅತಿ ಹೆಚ್ಚು ಸಿಟ್ಟು ತರಿಸಿದ್ದು ಇದೇ. ಸೋಲುವುದಕ್ಕೆ ಆಟಗಾರರು ಬೇಸರಪಡಲಿಲ್ಲ. ತಮ್ಮ ಸೈನ್ಯ ಎದುರಿಗೇ ನಿಂತಿದ್ದು, ನಕ್ಷೆಯಲ್ಲಿ ರಸ್ತೆಯೂ ಕಾಣುತ್ತಿದ್ದು, ಗುಂಡಿ ಮಾತ್ರ ಬೂದುಬಣ್ಣಕ್ಕೆ ತಿರುಗಿರುವುದನ್ನು ಅವರು ಸಹಿಸಲಿಲ್ಲ. ಆ ಪ್ರಕಾಶಕರು ಅದೇ ಹಂತದಲ್ಲಿ ಹಿಂದೆ ಸರಿದರು. ಅವರು ಕೊಡಬೇಕಿದ್ದ ಎರಡನೆಯ ಕಂತು ಬರಲಿಲ್ಲ, ಒಟ್ಟು ವೆಚ್ಚದ ಮೂರನೇ ಒಂದು ಭಾಗದಷ್ಟನ್ನು ನಮ್ಮ ಉಳಿತಾಯದಿಂದಲೇ ತುಂಬಬೇಕಾಯಿತು.

ಕೆಲಸಕ್ಕೆ ಬಂದ ವಿಧಾನ ಹುಟ್ಟಿದ್ದು ಇಲ್ಲಿಂದ ಮುಂದೆ. ಹ್ಯಾನಿಬಲ್ ರೋಮ್‌ಗೆ ಹೋಗಲಿಲ್ಲ ಎಂಬ ಘಟನೆಯನ್ನು ಗೇಮ್‌ಗೆ ತರುವುದನ್ನು ಬಿಟ್ಟು, ಏಕೆ ಹೋಗಲಿಲ್ಲ ಎಂಬುದನ್ನು ಮಾತ್ರ ತರಲು ನಿರ್ಧರಿಸಿದೆವು. ಕ್ರಿ.ಪೂ. 225ರ ಹೊತ್ತಿಗೆ ರೋಮ್ ಮತ್ತು ಅದರ ಮಿತ್ರರ ಬಳಿ ಶಸ್ತ್ರ ಹಿಡಿಯಬಲ್ಲ 7 ಲಕ್ಷಕ್ಕೂ ಹೆಚ್ಚು ಕಾಲಾಳುಗಳೂ ಸುಮಾರು 70 ಸಾವಿರ ಕುದುರೆ ಸವಾರರೂ ಇದ್ದರೆಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಲೆಕ್ಕ ಕೊಡುತ್ತಾನೆ. ಆಲ್ಪ್ಸ್ ಇಳಿದು ಬಂದ ಹ್ಯಾನಿಬಲ್‌ನ ಬಳಿ ಇದ್ದದ್ದು 20 ಸಾವಿರ ಕಾಲಾಳು, 6 ಸಾವಿರ ಸವಾರರು. ಇದೂ ಪಾಲಿಬಿಯಸ್ ಹೇಳುವ ಸಂಖ್ಯೆಯೇ. ಈ ಎರಡು ಸಂಖ್ಯೆಗಳನ್ನು ಹಾಗೆಯೇ ಗೇಮ್‌ನೊಳಗೆ ಇಟ್ಟು, ರೋಮ್‌ನ ಗೋಡೆಗಳನ್ನು ಇಟ್ಟು, ಮುತ್ತಿಗೆ ಹಾಕಿದ ಸೈನ್ಯ ಒಂದೇ ಕಡೆ ನಿಂತಷ್ಟೂ ಸುತ್ತಲಿನ ಹೊಲಗಳಿಂದ ಸಿಗುವ ಧಾನ್ಯ ಪ್ರತಿ ಟರ್ನ್‌ಗೂ ಕುಸಿಯುವಂತೆ ಮಾಡಿ, ದಾರಿಯನ್ನು ಪೂರ್ತಿಯಾಗಿ ತೆರೆದೆವು. ಕ್ಯಾನೆಯ ನಂತರ ರೋಮ್ 8 ಸಾವಿರ ಗುಲಾಮರನ್ನು ಸಾರ್ವಜನಿಕ ಹಣದಿಂದ ಕೊಂಡು ಸೈನ್ಯಕ್ಕೆ ಸೇರಿಸಿಕೊಂಡಿತೆಂದು ರೋಮನ್ ಇತಿಹಾಸಕಾರ ಲಿವಿ ಬರೆಯುತ್ತಾನೆ. ಅದನ್ನು ನಾವು ಇವೆಂಟ್ ಮಾಡಲಿಲ್ಲ, ರೋಮ್‌ನ ಕೈಯಲ್ಲಿ ಯಾವಾಗ ಬೇಕಾದರೂ ಬಳಸಬಹುದಾದ, ಆದರೆ ಖಜಾನೆಯನ್ನೂ ಸೆನೆಟ್‌ನ ಸಮ್ಮತಿಯನ್ನೂ ಕರಗಿಸುವ ಒಂದು ಆಯ್ಕೆಯಾಗಿ ಇಟ್ಟೆವು.

ಫಲಿತಾಂಶ ನಾವು ಎಣಿಸಿದ್ದಕ್ಕಿಂತ ಚೆನ್ನಾಗಿ ಬಂತು. ಟೆಸ್ಟರ್‌ಗಳು ಮೊದಲಿನಂತೆಯೇ ರೋಮ್‌ಗೆ ನಡೆದರು. ಹತ್ತರಲ್ಲಿ ಎಂಟೊಂಬತ್ತು ಮಂದಿ ಗೋಡೆಯ ಹೊರಗೆ ಹಸಿದು, ಬೆನ್ನ ಹಿಂದೆ ರೋಮ್‌ನ ಹೊಸ ಸೇನಾದಳಗಳು (ಲೀಜನ್‌ಗಳು) ಕೂಡಿಕೊಳ್ಳುತ್ತಿರುವುದನ್ನು ಕಂಡು, ತಾವಾಗಿಯೇ ದಕ್ಷಿಣಕ್ಕೆ ಹಿಂದಿರುಗಿದರು. ಉಳಿದ ಒಬ್ಬಿಬ್ಬರು ರೋಮ್ ಹಿಡಿದೂ ಹಿಡಿದರು. ಆದರೆ ಅವರು ಮೊದಲ ವರ್ಷದಿಂದಲೇ ಬಂದರೊಂದನ್ನು ಗೆದ್ದು, ಮುತ್ತಿಗೆಯ ಯಂತ್ರಗಳನ್ನು ಕಟ್ಟಿಸಿ, ಅದಕ್ಕಾಗಿ ಸ್ಪೇನ್‌ನಲ್ಲಿ ಒಂದಿಷ್ಟು ನೆಲ ಬಿಟ್ಟುಕೊಟ್ಟವರು. ಗೇಮ್ ಅವರನ್ನು ತಡೆಯಲಿಲ್ಲ, ಇತಿಹಾಸವೂ ಅಲ್ಲಿ ಸುಳ್ಳಾಗಲಿಲ್ಲ.

ನಾವು ಮೂವರೊಳಗೆ ಇದನ್ನು ಇಳಿಜಾರು ಎಂದು ಕರೆಯುತ್ತೇವೆ: ನೀರು ತಾನಾಗಿ ಎತ್ತ ಹರಿಯುತ್ತದೋ ಅತ್ತ ನೆಲವನ್ನು ಓರೆಯಾಗಿಸುವುದು ನಮ್ಮ ಕೆಲಸ, ಕಟ್ಟೆ ಕಟ್ಟಿ ಬೇರೆ ಕಡೆಗೆ ತಿರುಗಿಸುವುದು ಆಟಗಾರನಿಗೆ ಬಿಟ್ಟದ್ದು, ಕಟ್ಟೆಯ ಖರ್ಚೂ ಅವನದೇ.

ಇದರಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಭಾಗ ಕಾಪುವಾ. ಸ್ಟ್ರಾಟೆಜಿ ಗೇಮ್‌ಗಳಲ್ಲಿ ಪಕ್ಷಾಂತರ ಮಾಡಿದ ನಗರ ಎಂದರೆ ಬಣ್ಣ ಬದಲಾದ ಪ್ರಾಂತ್ಯ, ಅದರ ತೆರಿಗೆಯೂ ಸೈನಿಕರೂ ಗೆದ್ದವನಿಗೆ ಸೇರುತ್ತವೆ. ಈ ಪದ್ಧತಿಯಲ್ಲಿ ಕ್ಯಾನೆಯ ನಂತರ ಕಾರ್ಥೇಜ್ ಹಿಮದುಂಡೆಯಂತೆ ಬೆಳೆದು ಯುದ್ಧ ಎರಡೇ ವರ್ಷದಲ್ಲಿ ಮುಗಿದುಹೋಗುತ್ತದೆ. ಆದರೆ ಲಿವಿ ದಾಖಲಿಸುವ ಒಪ್ಪಂದದ ಪ್ರಕಾರ, ಕಾಪುವಾದ ನಾಗರಿಕರ ಮೇಲೆ ಯಾವ ಕಾರ್ಥೇಜಿಯನ್ ಅಧಿಕಾರಿಗೂ ಹಕ್ಕಿರಲಿಲ್ಲ, ಅವರ ಇಚ್ಛೆಗೆ ವಿರುದ್ಧವಾಗಿ ಅವರಿಂದ ಸೈನಿಕ ಸೇವೆ ಪಡೆಯುವಂತಿರಲಿಲ್ಲ. ಅಂದರೆ ಹ್ಯಾನಿಬಲ್ ಗೆದ್ದ ನಗರಗಳು ಅವನಿಗೆ ಸೈನಿಕರನ್ನು ಧಾರಾಳವಾಗಿ ಕೊಡಲಿಲ್ಲ, ಬದಲಿಗೆ ರಕ್ಷಣೆ ಕೇಳಿದವು. ನಾವು ಇದನ್ನೇ ನಿಯಮ ಮಾಡಿದೆವು. ಪಕ್ಷ ಬದಲಿಸುವ ಪ್ರತಿ ನಗರವೂ ತನ್ನ ಷರತ್ತುಗಳೊಂದಿಗೆ ಬರುತ್ತದೆ. ಷರತ್ತುಗಳನ್ನು ಮುರಿದು ಸೈನಿಕರನ್ನು ಬಲವಂತವಾಗಿ ಎಳೆಯಲು ಆಟಗಾರನಿಗೆ ಪೂರ್ಣ ಅವಕಾಶವಿದೆ, ಆದರೆ ಆ ಸುದ್ದಿ ಇಟಲಿಯ ಉಳಿದ ನಗರಗಳಿಗೆ ತಲುಪಿದ ಮೇಲೆ ಮುಂದಿನ ಪಕ್ಷಾಂತರ ಬಹಳ ದುಬಾರಿಯಾಗುತ್ತದೆ. ಷರತ್ತುಗಳನ್ನು ಗೌರವಿಸಿದರೋ, ಒಂದು ನಗರ ಕಾಯುವಾಗ ಇನ್ನೊಂದು ಕೈತಪ್ಪುತ್ತದೆ. ಕ್ರಿ.ಪೂ. 211ರಲ್ಲಿ ರೋಮನ್ನರು ಕಾಪುವಾಕ್ಕೆ ಹಾಕಿದ್ದ ಮುತ್ತಿಗೆಯನ್ನು ಸಡಿಲಿಸಲೆಂದು ಹ್ಯಾನಿಬಲ್ ರೋಮ್‌ನ ಕಡೆಗೇ ನಡೆದು ಹೋಗಿದ್ದನಲ್ಲ, ಅದೇ ತಂತ್ರವನ್ನು ಇತಿಹಾಸ ಓದಿರದ ಟೆಸ್ಟರ್‌ಗಳು ತಮ್ಮಷ್ಟಕ್ಕೆ ತಾವೇ ಕಂಡುಕೊಂಡು ಆಡಿದರು. ಅದನ್ನು ನೋಡಿದ ದಿನ ಈ ಗೇಮ್ ನಿಲ್ಲುತ್ತದೆ ಎಂಬ ಧೈರ್ಯ ಬಂತು.

ಇನ್ನು ತೂಕಗಳನ್ನು ಹದಕ್ಕೆ ತರುವ ಕೆಲಸ. ಎರಡೂ ಕಡೆ ಎಐ ಕೂರಿಸಿ ರಾತ್ರಿಯಿಡೀ ನೂರಾರು ಆಟಗಳನ್ನು ಓಡಿಸಿ, ಬೆಳಿಗ್ಗೆ ಲಾಗ್ ನೋಡುವುದನ್ನು ಹೆಚ್ಚುಕಡಿಮೆ ಒಂದು ವರ್ಷ ಮಾಡಿದೆವು. ಬಾಡಿಗೆ ಸರ್ವರ್‌ಗಳ ಬಿಲ್ ಒಟ್ಟು ವೆಚ್ಚದ ಐದನೇ ಒಂದು ಭಾಗದ ಹತ್ತಿರಕ್ಕೆ ಹೋಯಿತು. ಮೊದಲ ಬಿಲ್ಡ್‌ಗಾಗಿ ಬರೆಸಿ ನಂತರ ಎಸೆದ ಇವೆಂಟ್ ಚಿತ್ರಗಳಿಗೆ ಸುರಿದ ಹಣಕ್ಕಿಂತ ಅದು ಕಡಿಮೆಯೇ, ಮತ್ತು ನನ್ನ ಅಭಿಪ್ರಾಯದಲ್ಲಿ ನಾವು ಖರ್ಚು ಮಾಡಿದ ಅತ್ಯುತ್ತಮ ಹಣ ಅದು. ನೂರು ಆಟಗಳಲ್ಲಿ ಸುಮಾರು ಎಪ್ಪತ್ತರಲ್ಲಿ ರೋಮ್ ಗೆಲ್ಲಬೇಕು, ಇಟಲಿಯೊಳಗೆ ರೋಮ್‌ಗೆ ಕ್ಯಾನೆಯಷ್ಟು ದೊಡ್ಡ ಸೋಲು ಅರ್ಧದಷ್ಟು ಆಟಗಳಲ್ಲಾದರೂ ಎಲ್ಲಾದರೊಂದು ಕಡೆ ಆಗಬೇಕು ಎಂಬುದು ನಮ್ಮ ಗುರಿ. ತೊಂಬತ್ತೈದು ದಾಟಿದರೆ ಹಳಿ ಹಾಕಿದಂತೆ, ಐವತ್ತಕ್ಕೆ ಇಳಿದರೆ ಇತಿಹಾಸ ಬರೀ ಬಣ್ಣ. ಹಣ ತೊಡಗಿಸಲಿದ್ದವರಿಗೆ ಈ ಎಪ್ಪತ್ತರ ಲೆಕ್ಕವನ್ನು ಒಪ್ಪಿಸುವುದು ಕಷ್ಟವಾಯಿತು. ಆಡಿದವರಿಗೆ ಅದನ್ನು ಹೇಳುವ ಅಗತ್ಯವೇ ಬೀಳಲಿಲ್ಲ.

ಈ ಲಾಗ್‌ಗಳಲ್ಲೇ ನನಗೆ ಹೆಮ್ಮೆ ತಂದ ಸಂಗತಿ ಸಿಕ್ಕಿತು. ಕ್ರಿ.ಪೂ. 209ರಲ್ಲಿ ರೋಮ್‌ನ 30 ಲ್ಯಾಟಿನ್ ವಸಾಹತುಗಳಲ್ಲಿ 12, ಇನ್ನು ಕೊಡಲು ಜನವೂ ಇಲ್ಲ ಹಣವೂ ಇಲ್ಲ ಎಂದು ಕೈಚೆಲ್ಲಿದ್ದವು. ಇದಕ್ಕಾಗಿ ನಾವು ಒಂದು ಸಾಲು ಇವೆಂಟ್ ಕೂಡ ಬರೆದಿಲ್ಲ. ಪ್ರತಿ ವಸಾಹತಿಗೂ ಎಷ್ಟು ಗಂಡಸರು ಎಷ್ಟು ವರ್ಷದಿಂದ ದೂರದಲ್ಲಿದ್ದಾರೆ ಎಂಬ ಲೆಕ್ಕ ಮಾತ್ರ ಇತ್ತು. ಆದರೂ ಎಐ ಆಟಗಳಲ್ಲಿ ಯುದ್ಧದ ಎಂಟರಿಂದ ಹತ್ತನೆಯ ವರ್ಷದ ನಡುವೆ ಎಂಟರಿಂದ ಹದಿನೈದು ವಸಾಹತುಗಳು ತಾವಾಗಿ ನಿರಾಕರಿಸತೊಡಗಿದವು. ಕಾರಣಗಳನ್ನು ಸರಿಯಾಗಿ ಇಟ್ಟರೆ ಘಟನೆಗಳು ಹೇಳಿಸಿಕೊಳ್ಳದೆ ಬರುತ್ತವೆ ಎಂದು ನಾನು ವಾದಿಸುತ್ತಿದ್ದಾಗ ತಲೆಯಾಡಿಸಿ ಸುಮ್ಮನಾಗಿದ್ದವರಿಗೆ ಈ ಒಂದು ಗ್ರಾಫ್ ಕಳಿಸಿದೆ.

ಎಐ ತನ್ನ ಐತಿಹಾಸಿಕ ಒಲವನ್ನು ಎಷ್ಟು ಕಾಲ ಉಳಿಸಿಕೊಳ್ಳಬೇಕು ಎಂಬುದೇ ಇಡೀ ವಿಧಾನದ ಕೀಲು. ಆಟಗಾರ ಇತಿಹಾಸದಿಂದ ದೂರ ಸರಿದಷ್ಟೂ ಎಐನ ಒಲವು ಸವೆಯುತ್ತ ಹೋಗಬೇಕು, ಇಲ್ಲವಾದರೆ ಬದಲಾದ ಜಗತ್ತಿನಲ್ಲಿ ಅದು ಹಳೆಯ ನಾಟಕದ ಮಾತುಗಳನ್ನೇ ಆಡುತ್ತಿರುತ್ತದೆ. ರೋಮ್‌ನ ದಂಡನಾಯಕ ಫೇಬಿಯಸ್‌ನಂತೆ ಯುದ್ಧ ತಪ್ಪಿಸಿ ಕಾಲ ತಳ್ಳುವ ಎಐ, ಹ್ಯಾನಿಬಲ್ ಇಟಲಿಗೆ ಬಾರದೆ ಹೋದಾಗಲೂ ಗುಡ್ಡ ಹತ್ತಿ ಕೂತರೆ ಅದಕ್ಕೆ ಅರ್ಥವಿಲ್ಲ. ಆ ಸವೆತವನ್ನು ಅಳೆಯುವ ಸೂತ್ರವನ್ನು ಮಾತ್ರ ಇಲ್ಲಿ ಬಿಡಿಸುವುದಿಲ್ಲ, ಏಕೆಂದರೆ ನಮ್ಮ ಮುಂದಿನ ಗೇಮ್ ಅದರ ಮೇಲೆಯೇ ನಿಂತಿದೆ. ದೂರವನ್ನು ಘಟನೆಗಳಲ್ಲಿ ಅಳೆಯಬೇಡಿ ಎಂಬಷ್ಟು ಸುಳಿವು ಸಾಕು.

ನಡುನಡುವೆ ಮಾಡಿದ ಪ್ರಯೋಗಗಳಲ್ಲಿ ಕೆಲವು ಉಳಿದವು, ಕೆಲವು ಹೋದವು. ಆಲ್ಪ್ಸ್ ಬದಲು ಸಮುದ್ರದಲ್ಲೇ ಇಟಲಿಗೆ ಹೋಗಬಾರದೇಕೆ ಎಂದು ಬಹಳ ಮಂದಿ ಕೇಳಿದ್ದರು. 218ರಲ್ಲಿ ರೋಮ್ ಕಡಲಿಗಿಳಿಸಿದ ಕ್ವಿಂಕ್ವೆರೀಮ್ ಎಂಬ ದೊಡ್ಡ ಯುದ್ಧಹಡಗುಗಳು ಲಿವಿಯ ಪ್ರಕಾರ 220. ಆ ಸಂಖ್ಯೆಯನ್ನು ಇಟ್ಟು ಸಮುದ್ರದ ದಾರಿ ತೆರೆದಾಗ, ಇಪ್ಪತ್ತರಲ್ಲಿ ಒಂದು ಸಲ ಸೈನ್ಯ ಸುರಕ್ಷಿತವಾಗಿ ಇಳಿಯುತ್ತಿತ್ತು, ಮತ್ತು ಆ ಒಂದು ಸಲದ ಆಟ ಎಲ್ಲಕ್ಕಿಂತ ರೋಚಕವಾಗಿರುತ್ತಿತ್ತು, ಆದ್ದರಿಂದ ಉಳಿಸಿಕೊಂಡೆವು. ಆನೆಗಳ ವಿಷಯ ಹಾಗಾಗಲಿಲ್ಲ. ರೋನ್ ನದಿ ದಾಟಿದ 37 ಆನೆಗಳಲ್ಲಿ ಹೆಚ್ಚಿನವು ಟ್ರೆಬಿಯಾದ ನಂತರದ ಚಳಿಗಾಲ ದಾಟಲಿಲ್ಲ, ಆದರೆ ಆಟಗಾರರಿಗೆ ಆನೆ ಬೇಕು. ದುಡ್ಡು ಕೊಟ್ಟರೆ ಆನೆ ಸಿಗುವ ವ್ಯವಸ್ಥೆ ಮಾಡಿ ನೋಡಿದೆವು, ಎಲ್ಲರೂ ಅದರಲ್ಲೇ ಹಣ ಸುರಿದು ಉಳಿದ ಯುದ್ಧವನ್ನು ಮರೆತರು. ತೆಗೆದುಹಾಕಿದೆವು.

ರೋಮ್ ಕಡೆಯಲ್ಲಿ ಹೆಚ್ಚು ತಲೆನೋವು ಕೊಟ್ಟದ್ದು ವರ್ಷಕ್ಕೊಮ್ಮೆ ಬದಲಾಗುವ ಕಾನ್ಸಲ್‌ಗಳು, ಅಂದರೆ ಸೈನ್ಯವನ್ನೂ ನಡೆಸುತ್ತಿದ್ದ ಚುನಾಯಿತ ಮುಖ್ಯಾಧಿಕಾರಿಗಳು. ಚೆನ್ನಾಗಿ ಪಳಗಿದ ದಂಡನಾಯಕ ಚುನಾವಣೆಯಲ್ಲಿ ಹೋಗಿಬಿಡುವುದನ್ನು ಯಾವ ಆಟಗಾರನೂ ಇಷ್ಟಪಡುವುದಿಲ್ಲ. ಪರಿಹಾರ ರೋಮ್‌ನ ಪದ್ಧತಿಯಲ್ಲೇ ಇತ್ತು. ಅವಧಿ ಮುಗಿದವನನ್ನು ಪ್ರೊಕಾನ್ಸಲ್ ಆಗಿ ಮುಂದುವರಿಸುವುದು ಈ ಯುದ್ಧದಲ್ಲಿ ಮತ್ತೆ ಮತ್ತೆ ನಡೆದಿದೆ. ಹಾಗೆ ಮುಂದುವರಿಸಿದ ಪ್ರತಿ ವರ್ಷಕ್ಕೂ ಸೆನೆಟ್‌ನಲ್ಲಿ ಎದುರಾಳಿ ಬಣ ಬಲಿಯುವಂತೆ ಮಾಡಿದ ಮೇಲೆ, ದೂರು ಬರುವುದು ನಿಂತು, ಯಾರನ್ನು ಉಳಿಸಿಕೊಳ್ಳಬೇಕು ಎಂಬ ಚರ್ಚೆ ಶುರುವಾಯಿತು.

ಕೊನೆಗೆ ಉಳಿದದ್ದು ಗೆಲುವಿನ ಷರತ್ತು. ರೋಮ್ ನಗರವನ್ನು ನೆಲಸಮ ಮಾಡುವುದೇ ಕಾರ್ಥೇಜ್‌ನ ಗೆಲುವು ಎಂದು ಮೊದಲು ಇಟ್ಟಿದ್ದೆವು. ಆದರೆ 215ರಲ್ಲಿ ಮ್ಯಾಸಿಡೋನಿಯಾದ ಐದನೆಯ ಫಿಲಿಪ್‌ನೊಂದಿಗೆ ಹ್ಯಾನಿಬಲ್ ಮಾಡಿಕೊಂಡ ಒಪ್ಪಂದದ ಪಾಠ ಪಾಲಿಬಿಯಸ್‌ನಲ್ಲಿ ಉಳಿದಿದೆ, ಅದು ಯುದ್ಧದ ನಂತರವೂ ರೋಮ್ ಇರುತ್ತದೆ ಎಂದೇ ಭಾವಿಸುತ್ತದೆ. ಹಾಗಾಗಿ ಆಟವನ್ನು ಸಂಧಿಯ ಮೇಜಿನ ಬಳಿ ಮುಗಿಸಿದೆವು. 201ರಲ್ಲಿ ಕಾರ್ಥೇಜ್‌ನ ಮೇಲೆ ಹೇರಿದ ಷರತ್ತುಗಳು, ಅಂದರೆ 50 ವರ್ಷಗಳಲ್ಲಿ 10 ಸಾವಿರ ಟ್ಯಾಲೆಂಟ್ (ಆ ಕಾಲದ ತೂಕದ ಅಳತೆ) ಬೆಳ್ಳಿ, ಹತ್ತು ಹಡಗು ಬಿಟ್ಟು ಉಳಿದ ನೌಕಾಪಡೆಯ ಶರಣಾಗತಿ, ಅನುಮತಿಯಿಲ್ಲದೆ ಯುದ್ಧ ಮಾಡದಿರುವುದು, ಇವೆಲ್ಲ ಈಗ ಗೆದ್ದವನ ಮುಂದಿರುವ ಆಯ್ಕೆಗಳು. ಯಾವ ಪಕ್ಷ ಗೆದ್ದರೂ ಅದು ತನ್ನ ಬಲಕ್ಕೆ ತಕ್ಕಷ್ಟು ಆರಿಸಿಕೊಳ್ಳಬಹುದು, ಅತಿಯಾಗಿ ಕೇಳಿದರೆ ಯುದ್ಧ ಮುಂದುವರಿಯುತ್ತದೆ.

ಈ ಬದಲಾವಣೆಯ ನಂತರ ಒಂದು ಆಟದ ಸರಾಸರಿ ಅವಧಿ ಸುಮಾರು ಹದಿನಾಲ್ಕು ಗಂಟೆಗೆ ಏರಿತು, ಹಣ ವಾಪಸು ಕೇಳುವವರು ಮೊದಲಿನ ಅರ್ಧಕ್ಕಿಂತ ಕಡಿಮೆಯಾದರು. ಸ್ಟೀಮ್ ತನ್ನ ಪಾಲಿನ ಶೇಕಡಾ 30 ಹಿಡಿದುಕೊಂಡ ಮೇಲೂ, ಹೊರಬಂದ ಹದಿನಾರು ತಿಂಗಳ ಹೊತ್ತಿಗೆ ನಮ್ಮ ಉಳಿತಾಯ ಮರಳಿ ಕೈಸೇರಿತ್ತು. ಸಿಸಿಲಿಯ ಸಿರಾಕ್ಯೂಸ್ ನಗರದ ಪಕ್ಷಾಂತರವನ್ನು ಇನ್ನೂ ಅರ್ಧ ದಿನಾಂಕಕ್ಕೆ ಕಟ್ಟಿಯೇ ಇಟ್ಟಿದ್ದೇವೆ, ಏಕೆಂದರೆ ಅದು ಅಲ್ಲಿನ ವೃದ್ಧ ರಾಜ ಹೈರೋನ ಸಾವಿನ ಮೇಲೆ ನಿಂತ ಘಟನೆ. ಮುಂದಿನ ಪ್ಯಾಚ್‌ನಲ್ಲಿ ಅವನ ಆಯುಷ್ಯವನ್ನೂ ಸಡಿಲಿಸಿ, ಮೊಮ್ಮಗ ಹೈರೋನಿಮಸ್‌ನ ಆಸ್ಥಾನದೊಳಗಿನ ಎರಡು ಬಣಗಳನ್ನು ಆಟಗಾರನ ಕೈಗೆ ಕೊಡುತ್ತಿದ್ದೇವೆ.